ಮನೆ ಬಾಡಿಗೆಗೆ 18% ಜಿಎಸ್‌ಟಿ: ಒಂದು ಸ್ಪಷ್ಟನೆ

‘ಮೂರಕ್ಕಿಂತ ಹೆಚ್ಚು ಪೋರ್ಷನ್ ಬಾಡಿಗೆಗೆ ಕೊಟ್ಟರೆ ಅದು ವ್ಯಾಪಾರ, 18% ಜಿಎಸ್‌ಟಿ ಕಟ್ಟಲೇಬೇಕು’ ಎಂಬ ಸಂದೇಶ ಬಳ್ಳಾರಿಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಸುಳ್ಳು. ಪೋರ್ಷನ್ ಎಷ್ಟಿವೆ ಅಂತ ಜಿಎಸ್‌ಟಿ ಕಾಯ್ದೆ ಕೇಳುವುದೇ ಇಲ್ಲ. ಬಾಡಿಗೆಗೆ ಬಂದವರು ಯಾರು, ಯಾತಕ್ಕೆ ಎಂದಷ್ಟೇ ನೋಡುತ್ತದೆ.

ಸಂಸಾರ ವಾಸಕ್ಕೆ ಹಿಡಿದ ಮನೆಗೆ ಜಿಎಸ್‌ಟಿ ಇಲ್ಲ. ಗೊಂದಲ ಶುರುವಾಗಿದ್ದು, ಜಿಎಸ್‌ಟಿ ನೋಂದಣಿ ಇರುವವರು ಹಿಡಿದ ಮನೆಗೂ ತೆರಿಗೆ ತಂದ 2022ರ ಜುಲೈ 18ರ ಬದಲಾವಣೆಯಿಂದ. ತೋರಣಗಲ್ಲಿನಲ್ಲಿ ಗುತ್ತಿಗೆ ಹಿಡಿದ, ಜಿಎಸ್‌ಟಿ ನೋಂದಣಿಯಿರುವ ಕಂಪನಿ ಸಿಬ್ಬಂದಿಗಾಗಿ ತನ್ನ ಹೆಸರಲ್ಲಿ ಮನೆ ಹಿಡಿಯಿತು ಎನ್ನಿ. ಆಗ 18% ತೆರಿಗೆ ಉಂಟು, ಆದರೆ ಅದನ್ನು ಸರ್ಕಾರಕ್ಕೆ ಕಟ್ಟಬೇಕಾದ್ದು ಕಂಪನಿ, ಮಾಲೀಕರಲ್ಲ. ನೋಂದಣಿಯಿರುವ ಅಂಗಡಿಯವರು ಸ್ವಂತ ವಾಸಕ್ಕೆ ಸ್ವಂತ ಹೆಸರಲ್ಲಿ ಮನೆ ಹಿಡಿದರೆ 2023ರ ಜನವರಿಯಿಂದ ಅದಕ್ಕೂ ವಿನಾಯಿತಿ. ಕೆಳಗಿನ ಮಳಿಗೆಯನ್ನು ಅಂಗಡಿಗೆ ಕೊಟ್ಟಿದ್ದರೆ ಲೆಕ್ಕವೇ ಬೇರೆ, ಆಡಿಟರ್ ಬಳಿ ಕೇಳಿಕೊಳ್ಳಿ.

ಆದಾಯ ತೆರಿಗೆಯ ಲೆಕ್ಕಕ್ಕೆ ಮಾತ್ರ ಬಾಡಿಗೆ ಬಂದೇ ಬರುತ್ತದೆ. ಈ ಸಂದೇಶ ಅದರ ಮಾತೇ ಎತ್ತಿಲ್ಲ! ನಾಲ್ಕು ಪೋರ್ಷನ್, ತಲಾ 8,000 ಬಾಡಿಗೆ ಎಂದರೆ ವರ್ಷಕ್ಕೆ 3,84,000. ಪಾಲಿಕೆಗೆ ಕಟ್ಟಿದ ಮನೆ ತೆರಿಗೆ 14,000 ಕಳೆದರೆ 3,70,000. ರಿಪೇರಿ, ಸುಣ್ಣಬಣ್ಣ ಮಾಡಿಸಿರಲಿ ಬಿಡಲಿ, ಅದರಲ್ಲಿ 30% ಕಳೆಯಬಹುದು. ಉಳಿದ 2,59,000 ನಿಮ್ಮ ಆದಾಯಕ್ಕೆ ಸೇರುತ್ತದೆ. ಮನೆ ಸಾಲವಿದ್ದರೆ ಬಡ್ಡಿಯೂ ಕಳೆಯುತ್ತದೆ. ಪಾಲಿಕೆಯ ರಸೀದಿ ಎಸೆಯಬೇಡಿ. ಬಾಕಿ ಇಟ್ಟ ತೆರಿಗೆಯನ್ನು ಕಳೆಯಲು ಬರುವುದಿಲ್ಲ.