ಅದಕ್ಕೂ ಇದಕ್ಕೂ ಸಂಬಂಧವಿದೆ

ನಿನ್ನೆ ಸಂಜೆ ಬಂಧುಗಳ ಮನೆಯಲ್ಲೊಂದು ನಿಶ್ಚಿತಾರ್ಥವಿತ್ತು. ಊಟ ಮುಗಿಯುವ ಹೊತ್ತಿಗೆ ನನ್ನ ದೊಡ್ಡಪ್ಪನ ಮೊಮ್ಮಗಳಿಗೆ ಗಂಡು ನೋಡುವ ಮಾತು ಬಂತು. ಹಿರಿಯರೊಬ್ಬರು ದನಿ ತಗ್ಗಿಸಿ ನನಗೊಂದು ಸಲಹೆ ಕೊಟ್ಟರು: “ಹುಡುಗಿಯ ತಂದೆಗೆ ನರದ ಕಾಯಿಲೆ ಎಂದಷ್ಟೇ ಹೇಳಮ್ಮ. ತಾತನಿಗೆ ತಲೆ ಕೆಟ್ಟಿದ್ದ ವಿಷಯ ಎತ್ತಬೇಡ. ಅದಕ್ಕೂ ಇದಕ್ಕೂ ಏನು ಸಂಬಂಧ?” ನಾನು ಉತ್ತರ ಕೊಡದೆ ಕೈತೊಳೆಯಲು ಎದ್ದುಬಿಟ್ಟೆ. ಕೊಡಬೇಕಿತ್ತು. ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲವಾದ್ದರಿಂದ ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅತ್ತಿಗೆ ಮತ್ತು ಅವರ ಮಗಳು ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ದೊಡ್ಡಪ್ಪನ ಮಗ, ಅಂದರೆ ನನ್ನ ಅಣ್ಣ, ನಿಮ್ಮಲ್ಲಿ ಹಲವರಿಗೆ ಗೊತ್ತು. 38ನೆಯ ವಯಸ್ಸಿನವರೆಗೂ ಎತ್ತರದ ದನಿಯಲ್ಲಿ ಮಾತನಾಡದಿದ್ದ ಮನುಷ್ಯ ಇದ್ದಕ್ಕಿದ್ದಂತೆ ಎಲ್ಲರನ್ನೂ ಅನುಮಾನಿಸತೊಡಗಿದ, ತಟ್ಟೆ ಎಸೆದ, ಕೆಲಸ ಬಿಟ್ಟ, ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗಿದ. ಮನೋವೈದ್ಯರು ಮಾತ್ರೆ ಕೊಟ್ಟರು. ನಾಲ್ಕು ವರ್ಷಗಳ ನಂತರ ಅವನ ಬೆರಳುಗಳು ಕಾಣದ ಹಾರ್ಮೋನಿಯಂ ಬಾರಿಸುವಂತೆ ತಾವಾಗಿಯೇ ಆಡತೊಡಗಿದವು, ಭುಜ ಕುಣಿಯಿತು, ನಡಿಗೆ ಕುಡಿದವರ ನಡಿಗೆಯಂತಾಯಿತು. ಎಲ್ಲರೂ ಮಾತ್ರೆಯನ್ನೇ ದೂರಿದರು. ಆ ದೂರು ಆಧಾರವಿಲ್ಲದ್ದಲ್ಲ. ಮನೋವಿಕಾರಕ್ಕೆ ಕೊಡುವ ಕೆಲವು ಔಷಧಗಳನ್ನು ದೀರ್ಘಕಾಲ ಸೇವಿಸಿದವರಲ್ಲಿ ಬಾಯಿ, ನಾಲಿಗೆ, ಕೈಕಾಲುಗಳು ಹತೋಟಿ ತಪ್ಪಿ ಆಡುವುದು ನಿಜ. ಆದರೆ ಆ ಒಂದು ಊಹೆಯಲ್ಲೇ ನಾವು ಇನ್ನೂ ಎರಡು ವರ್ಷ ಕಳೆದೆವು.

ಈಗ ನನ್ನ ತಪ್ಪನ್ನು ಹೇಳಬೇಕು. ನರರೋಗ ವೈದ್ಯರ ಮುಂದೆ ಅಣ್ಣನ ಪಕ್ಕದಲ್ಲಿ ಕುಳಿತಿದ್ದವಳು ನಾನು. “ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಇತ್ತೇ?” ಎಂದು ಅವರು ಕೇಳಿದಾಗ “ಇಲ್ಲ” ಎಂದವಳೂ ನಾನೇ. ಮುಚ್ಚಿಡುವ ಉದ್ದೇಶ ನನಗಿರಲಿಲ್ಲ. ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಚಿಲಕ ಹಾಕಿಟ್ಟಿದ್ದ ದೊಡ್ಡಪ್ಪ ನನ್ನ ನೆನಪಿನಲ್ಲಿ ‘ಹುಚ್ಚು ಹಿಡಿದವರು’ ಮಾತ್ರವಾಗಿದ್ದರು. ಅವರ ಕೈಕಾಲುಗಳು ಸದಾ ಎಗರಾಡುತ್ತಿದ್ದುದನ್ನು, ಅನ್ನ ಗಂಟಲಲ್ಲಿ ಸಿಕ್ಕುತ್ತದೆಂದು ದೊಡ್ಡಮ್ಮ ಗಂಜಿ ಮಾಡಿ ಕುಡಿಸುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೆ ಅದೆಲ್ಲವೂ ಹುಚ್ಚಿನ ಲೆಕ್ಕಕ್ಕೇ ಸೇರಿಹೋಗಿತ್ತು. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದವರ ಲೆಕ್ಕದಲ್ಲಿ ತಲೆಯದೂ ಕೈಕಾಲಿನದೂ ಒಂದೇ ಕಾಯಿಲೆಯಾಗಿತ್ತು, ಮತ್ತು ಆ ಮಟ್ಟಿಗೆ ಅವರು ನನಗಿಂತ ಸರಿಯಾಗಿದ್ದರು ಎಂದು ಈಗ ಅನ್ನಿಸುತ್ತದೆ.

ಅಣ್ಣನಿಗಿರುವುದು ಹಂಟಿಂಗ್‌ಟನ್ ಕಾಯಿಲೆ. 1872ರಲ್ಲಿ ಅಮೆರಿಕದ ಜಾರ್ಜ್ ಹಂಟಿಂಗ್‌ಟನ್ ಇದರ ಬಗ್ಗೆ ಬರೆದಾಗ ಆತ ವೈದ್ಯಕೀಯ ಓದಿ ಹೊರಬಂದಿದ್ದ ಎಳೆಯ ಡಾಕ್ಟರು. ಆತನ ತಂದೆ ಮತ್ತು ತಾತ ಇಬ್ಬರೂ ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನಲ್ಲಿ ವೈದ್ಯರಾಗಿದ್ದವರು. ಹಾಗಾಗಿ ಅದೇ ಕುಟುಂಬಗಳನ್ನು ಮೂರು ತಲೆಮಾರು ಕಂಡ ತಿಳಿವಳಿಕೆ ಆತನ ಬೆನ್ನಿಗಿತ್ತು. ಆ ಕಾಯಿಲೆಯ ವಿಶೇಷಗಳೆಂದು ಆತ ಮೂರನ್ನು ಹೇಳಿದ: ಅದು ವಂಶಪಾರಂಪರ್ಯವಾಗಿ ಬರುತ್ತದೆ, ರೋಗಿಗಳಲ್ಲಿ ಬುದ್ಧಿವಿಕಲ್ಪ ಹಾಗೂ ಆತ್ಮಹತ್ಯೆಯತ್ತ ವಾಲುವ ಸ್ವಭಾವ ಕಾಣುತ್ತದೆ, ವಯಸ್ಕರಲ್ಲಿ ಮಾತ್ರ ಅದು ಉಗ್ರರೂಪ ತಾಳುತ್ತದೆ. ಕೈಕಾಲು ಕುಣಿಯುವ ಕಾಯಿಲೆಯ ಬಗ್ಗೆ ಬರೆಯುತ್ತಲೇ ಮನಸ್ಸಿನ ವಿಷಯವನ್ನು ಆತ ಬಿಟ್ಟುಬಿಡಲಿಲ್ಲ. ನೂರೈವತ್ತು ವರ್ಷಗಳ ನಂತರ ನಮ್ಮ ಹಿರಿಯರು “ಏನು ಸಂಬಂಧ?” ಎಂದು ಕೇಳುತ್ತಾರೆ.

ವೆನಿಜುವೆಲಾದ ಮರಕೈಬೊ ಸರೋವರದ ದಂಡೆಯ ಕುಟುಂಬಗಳು ಕೊಟ್ಟ ರಕ್ತದ ನೆರವಿನಿಂದ 1983ರಲ್ಲಿ ಈ ಕಾಯಿಲೆ ತರುವ ವಂಶವಾಹಿ (ಜೀನ್) ನಾಲ್ಕನೆಯ ವರ್ಣತಂತುವಿನಲ್ಲಿದೆ (ಕ್ರೋಮೋಸೋಮ್) ಎಂಬುದೂ, 1993ರಲ್ಲಿ ಅದು ಯಾವುದು ಎಂಬುದೂ ತಿಳಿಯಿತು. ಆ ವಂಶವಾಹಿಯಲ್ಲಿ ಸಿ, ಎ, ಜಿ ಎಂಬ ಮೂರು ಡಿಎನ್‌ಎ ಅಕ್ಷರಗಳು ಒಟ್ಟಾಗಿ ಮತ್ತೆ ಮತ್ತೆ ಬರುತ್ತವೆ. 26 ಸಲದವರೆಗೆ ಬಂದರೆ ತೊಂದರೆಯಿಲ್ಲ. 40 ಅಥವಾ ಅದಕ್ಕಿಂತ ಹೆಚ್ಚು ಸಲ ಬಂದರೆ, ಸಹಜ ಆಯುಸ್ಸು ಬದುಕಿದವರಿಗೆ ಕಾಯಿಲೆ ತಪ್ಪುವುದಿಲ್ಲ. ಅಣ್ಣನ ವರದಿಯಲ್ಲಿದ್ದದ್ದು 44. ತಂದೆಯಿಂದ ಮಕ್ಕಳಿಗೆ ದಾಟುವಾಗ ಈ ಸಂಖ್ಯೆ ಹಿಗ್ಗುವ ಸಂಭವ ಹೆಚ್ಚು, ಸಂಖ್ಯೆ ಹಿಗ್ಗಿದಂತೆ ಕಾಯಿಲೆ ಬೇಗ ಕಾಣಿಸುತ್ತದೆ. ದೊಡ್ಡಪ್ಪನಿಗೆ 45 ವರ್ಷ ದಾಟಿದ ಮೇಲೆ ಬಂದದ್ದು ಅಣ್ಣನಿಗೆ 38ಕ್ಕೇ ಬಂತು.

ಇದು ಮೊದಲು ಸವೆಸುವುದು ಮೆದುಳಿನ ಆಳದಲ್ಲಿರುವ ಸ್ಟ್ರಯೇಟಮ್ ಎಂಬ ಭಾಗವನ್ನು. ಕೈಕಾಲಿನ ಚಲನೆಯನ್ನು ಹದಗೊಳಿಸುವ ನರಗಳ ದಾರಿ ಆ ಭಾಗದ ಮೂಲಕ ಹಾದುಹೋಗುತ್ತದೆ. ಸಿಟ್ಟನ್ನು ತಡೆಹಿಡಿಯುವ, ಬೆಳಿಗ್ಗೆ ಎದ್ದು ಏನಾದರೂ ಮಾಡೋಣ ಎಂಬ ಹುಮ್ಮಸ್ಸು ಕೊಡುವ ದಾರಿಗಳೂ ಅಲ್ಲಿಂದಲೇ ಹಾದುಹೋಗುತ್ತವೆ. ಹಾಗಿರುವಾಗ ಅಣ್ಣ ಎಸೆದ ತಟ್ಟೆಗೂ ಅವನ ಕುಣಿಯುವ ಬೆರಳಿಗೂ ಬೇರೆ ಬೇರೆ ಕಾರಣ ಹುಡುಕುವುದು ಹೇಗೆ? ಚಲನೆಯ ದೋಷ ಕಾಣುವುದಕ್ಕೆ ವರ್ಷಗಳ ಮೊದಲೇ ಖಿನ್ನತೆ, ಮುಂಗೋಪ, ನಿರಾಸಕ್ತಿ ಹಲವರಲ್ಲಿ ಶುರುವಾಗಿರುತ್ತವೆ. ಆ ವರ್ಷಗಳಲ್ಲಿ ರೋಗಿ ಸೋಮಾರಿ, ಸಿಡುಕ, ಸಂಸಾರ ಮಾಡಲಾರದವನು ಎಂಬ ಹೆಸರು ಹೊತ್ತು ಬದುಕುತ್ತಾನೆ.

ಹಂಟಿಂಗ್‌ಟನ್ ಅಪರೂಪದ ಕಾಯಿಲೆ, ನಿಜ. ಆದರೆ ಇಂಥ ನಂಟು ಅದೊಂದರಲ್ಲೇ ಇರುವುದಲ್ಲ. 22ನೆಯ ವರ್ಣತಂತುವಿನ ಒಂದು ಸಣ್ಣ ತುಣುಕು ಹುಟ್ಟಿನಿಂದಲೇ ಇಲ್ಲದವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಬರುತ್ತದೆ, ಅವರಿಗೆ ಸಾಮಾನ್ಯಕ್ಕಿಂತ ಕಡಿಮೆ ವಯಸ್ಸಿನಲ್ಲೇ ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆ ಬರುವ ಅಪಾಯವೂ ಉಳಿದವರಿಗಿಂತ ಹೆಚ್ಚು. ನನ್ನನ್ನು ಹೆಚ್ಚು ಕಾಡುವುದು ವಿಲ್ಸನ್ ಕಾಯಿಲೆ. ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ವಂಶವಾಹಿ ಬಂದಾಗ ತಾಮ್ರ ದೇಹದಿಂದ ಸರಿಯಾಗಿ ಹೊರಹೋಗದೆ ಯಕೃತ್ತಿನಲ್ಲೂ ಮೆದುಳಿನಲ್ಲೂ ತುಂಬಿಕೊಳ್ಳುತ್ತದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮ ಕಡೆ ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ದೋಷವಿರುವ ಸಂಭವ ಹೆಚ್ಚು, ಇದನ್ನು ಮರೆಯುವಂತಿಲ್ಲ. ಚೆನ್ನಾಗಿ ಓದುತ್ತಿದ್ದ ಹುಡುಗ ಅಂಕ ಕಳೆದುಕೊಳ್ಳುತ್ತಾನೆ, ರೇಗಾಡುತ್ತಾನೆ, ಅಕ್ಷರ ಕೆಡುತ್ತದೆ, ಮಾತು ತೊದಲುತ್ತದೆ. ಮನೆಯವರು ಸಹವಾಸದೋಷ ಎನ್ನುತ್ತಾರೆ. ಒಂದು ರಕ್ತಪರೀಕ್ಷೆ, 24 ಗಂಟೆಯ ಮೂತ್ರದಲ್ಲಿ ತಾಮ್ರದ ಅಳತೆ, ಕಣ್ಣಿನ ಕಪ್ಪು ಗುಡ್ಡೆಯ ಅಂಚಿನ ಕಂದು ಉಂಗುರಕ್ಕಾಗಿ ಕಣ್ಣಿನ ವೈದ್ಯರ ತಪಾಸಣೆ, ಇಷ್ಟರಿಂದ ಬಹಳ ಮಟ್ಟಿಗೆ ಸುಳಿವು ಸಿಗುತ್ತದೆ. ಪೆನಿಸಿಲಮೈನ್, ಸತು ಮುಂತಾದ ಔಷಧಗಳಿವೆ. ಬೇಗ ಶುರುಮಾಡಿ ಬದುಕಿರುವವರೆಗೆ ತೆಗೆದುಕೊಂಡರೆ ಮಗು ಎಲ್ಲರಂತೆ ಬಾಳಬಹುದು. ಔಷಧದಿಂದ ಹತೋಟಿಗೆ ತರಬಹುದಾದ ಕಾಯಿಲೆಯನ್ನು ‘ಹುಡುಗ ಕೆಟ್ಟುಹೋದ’ ಎಂದು ಬಿಟ್ಟುಬಿಡುವುದನ್ನು ನೆನೆದರೆ ಮೈ ಉರಿಯುತ್ತದೆ.

ಬೆಂಗಳೂರಿನ ನಿಮ್ಹಾನ್ಸ್‌ನ ಪೂರ್ಣ ಹೆಸರನ್ನೇ ನೋಡಿ: ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆ. 1974ರಲ್ಲೇ ಎರಡೂ ಮಾತನ್ನು ಒಂದೇ ಫಲಕದಲ್ಲಿ ಬರೆದಿಟ್ಟಿದ್ದಾರೆ. ಅದೇ ಹೆಸರನ್ನು ನಾವು ಬೈಗುಳವಾಗಿ ಬಳಸುತ್ತೇವೆ.

ಹೀಗೆ ಬರೆದರೆ ಖಿನ್ನತೆ ಬಂದವರೆಲ್ಲ ನಾಳೆ ನಡುಕ ಬಂದೀತೆಂದು ಹೆದರುವುದಿಲ್ಲವೇ ಎಂದು ಕೆಲವರು ಕೇಳಬಹುದು. ಹೆದರಬೇಕಾಗಿಲ್ಲ. ಖಿನ್ನತೆ, ಆತಂಕ ತೀರಾ ಸಾಮಾನ್ಯ, ಹೆಚ್ಚಿನವರಿಗೆ ಇಂಥದ್ದೇನೂ ಬರುವುದಿಲ್ಲ. ಆದರೆ ಒಂದೇ ಮನೆಯಲ್ಲಿ ತಲೆಮಾರಿಗೊಬ್ಬರಂತೆ ನಡುವಯಸ್ಸಿನಲ್ಲಿ ಸ್ವಭಾವ ಬದಲಾಗಿ, ಆಮೇಲೆ ಕೈಕಾಲು ಹತೋಟಿ ತಪ್ಪಿದರೆ ಅದನ್ನು ಕಾಕತಾಳೀಯ ಎನ್ನುವುದು ಸಾಧ್ಯವಿಲ್ಲ. ಇನ್ನು, ಹೇಳಿದರೆ ಹೆಣ್ಣುಮಕ್ಕಳಿಗೆ ಮದುವೆಯಾಗುವುದಿಲ್ಲ ಎನ್ನುವವರಿಗೆ ಒಂದು ಮಾತು. ದೊಡ್ಡಮ್ಮನೂ ಅತ್ತಿಗೆಯೂ ಏನೂ ತಿಳಿಯದೆ ಮದುವೆಯಾಗಿ ಈ ಮನೆಗೆ ಬಂದವರು. ಮೊನ್ನೆ ಅತ್ತಿಗೆ ಹೇಳಿದರು: “ಮೊದಲೇ ಗೊತ್ತಿದ್ದರೆ ಆ ಆರು ವರ್ಷ ಅವರ ಜೊತೆ ಜಗಳವಾಡುತ್ತಿರಲಿಲ್ಲ.” ಮದುವೆಯಾಗುತ್ತಿರಲಿಲ್ಲ ಎಂದು ಅವರು ಹೇಳಲಿಲ್ಲ.

ನನ್ನ ಅಪ್ಪ 82ರವರೆಗೆ ಕೈ ನಡುಗದೆ ಬದುಕಿದವರು, ಹಾಗಾಗಿ ನನ್ನ ಭಯ ನನಗಾಗಿ ಅಲ್ಲ. ಅಣ್ಣನ ಮಗಳಿಗೆ ಈಗ 24. ಆ ವಂಶವಾಹಿ ಅವಳಿಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಪರೀಕ್ಷೆ ಮಾಡಿಸಿಕೊಳ್ಳಬೇಕೋ ಬೇಡವೋ ಎಂಬುದು ಅವಳೊಬ್ಬಳ ನಿರ್ಧಾರ. ಗಂಡಿನ ಕಡೆಯವರಿಗೂ ನಮಗೂ ಅದರಲ್ಲಿ ಅಧಿಕಾರವಿಲ್ಲ. ಕಾಯಿಲೆಯನ್ನು ತಡೆಯುವ ಔಷಧ ಇನ್ನೂ ಕೈಗೆ ಬಂದಿಲ್ಲ. ಆದರೆ ಖಿನ್ನತೆಗೆ ಚಿಕಿತ್ಸೆಯಿದೆ, ಕುಣಿತವನ್ನು ತಗ್ಗಿಸುವ ಮಾತ್ರೆಯಿದೆ. ಅವಳು ಈ ಸೋಮವಾರ ಆನುವಂಶಿಕ ಆಪ್ತಸಲಹೆಗೆ ಹೋಗುತ್ತಿದ್ದಾಳೆ. “ಅತ್ತೆ, ನೀವೂ ಬನ್ನಿ. ಮನೆಯವರ ವಿಷಯವೆಲ್ಲ ಬರೆದುಕೊಂಡು ಬನ್ನಿ, ಯಾರನ್ನೂ ಬಿಡಬೇಡಿ” ಎಂದು ಕೇಳಿದ್ದಾಳೆ.

ಬರೆಯಲು ಕುಳಿತಾಗ ಒಂದು ಕಡೆ ನಿಂತಿದ್ದೇನೆ. ನಮ್ಮ ಅಜ್ಜ ನಲವತ್ತಾಗುವ ಮೊದಲೇ ಜ್ವರದಿಂದ ಹೋದರು. ಅವರ ತಮ್ಮ ಕೆರೆಯಲ್ಲಿ ಕಾಲು ಜಾರಿ ಬಿದ್ದು ಸತ್ತರು ಎಂದು ಮನೆಯಲ್ಲಿ ಹೇಳುತ್ತಿದ್ದರು. ಅವರು ಕೊನೆಯ ದಿನಗಳಲ್ಲಿ ಹೇಗಿದ್ದರು, ಹೇಗೆ ನಡೆಯುತ್ತಿದ್ದರು, ಅವರ ಇಬ್ಬರು ಮಕ್ಕಳು ತಿಪಟೂರಿನ ಕಡೆ ಹೋದ ಮೇಲೆ ಏನಾದರು ಎಂಬುದು ನನಗೆ ಗೊತ್ತಿಲ್ಲ. ಇದನ್ನು ಓದುತ್ತಿರುವ ನಮ್ಮ ಕಡೆಯವರಲ್ಲಿ ಯಾರಿಗಾದರೂ ತಿಳಿದಿದ್ದರೆ ಭಾನುವಾರದೊಳಗೆ ದಯವಿಟ್ಟು ನನಗೆ ಫೋನ್ ಮಾಡಿ. ಇಲ್ಲಿ ಬರೆಯುವುದು ಬೇಡ, ಫೋನಿನಲ್ಲೇ ಹೇಳಿ.