ಎರಡು ಡಬ್ಬಿ, ಒಂದು ಉದ್ಧರಣೆ

ತಂಗಿಯ ಮಗ ಹತ್ತನೇ ಕ್ಲಾಸು. ಜುಲೈ ಮಳೆಗೆ ಶಾಲೆಗೆ ರಜೆ ಕೊಟ್ಟಿದ್ದರು, ಕುಮಟೆಯ ನಮ್ಮ ಮನೆಗೆ ಬಂದು ಕೂತಿದ್ದ. ಕರೆಂಟಿಲ್ಲ, ಮೊಬೈಲಲ್ಲಿ ಚಾರ್ಜಿಲ್ಲ. ಬೇರೆ ದಾರಿ ಕಾಣದೆ ಪುಸ್ತಕ ತೆಗೆದ.

“ಮಾವಾ, ಅಯಾನಿಕ ಬಂಧ ಅಂದ್ರೆ ಎಂತ?”

ನಾನು ಬಿಎಸ್ಸಿ. ಮೂವತ್ತು ವರ್ಷದಿಂದ ಒಬ್ಬರೂ ನನ್ನನ್ನು ಇಂಥದ್ದು ಕೇಳಿರಲಿಲ್ಲ. ಕನ್ನಡಕ ಹುಡುಕಿ ಹಾಕಿಕೊಂಡೆ.

“ಸೋಡಿಯಂನ ಹೊರಕವಚದಲ್ಲಿ ಇರೋದು ಒಂದೇ ಎಲೆಕ್ಟ್ರಾನು. ಅದನ್ನು ಯಾರಿಗಾದರೂ ದಾಟಿಸಿದರೆ ಸಾಕು ಅಂತ ಕಾಯ್ತಿರ್ತದೆ. ಕ್ಲೋರಿನ್‌ಗೆ ಏಳಿದೆ, ಎಂಟಕ್ಕೆ ಒಂದು ಕಮ್ಮಿ. ಇದು ಕೊಟ್ಟಿತು, ಅದು ತಗೊಂಡಿತು. ಕೊಟ್ಟದ್ದು ಧನ ಅಯಾನು, ತಗೊಂಡದ್ದು ಋಣ ಅಯಾನು. ಎರಡೂ ಅಂಟಿಕೊಂಡರೆ ಉಪ್ಪು.”

ಕೊಟ್ಟವನು ಧನವಂತ, ತಗೊಂಡವನು ಋಣಿ! ಈ ಹೆಸರುಗಳನ್ನು ಕನ್ನಡಕ್ಕೆ ತಂದವರಿಗೆ ಒಂದು ನಮಸ್ಕಾರ. ನೀರಿಗೆ ಬಿದ್ದರೆ ಹೊತ್ತಿಕೊಳ್ಳುವ ಲೋಹ ಸೋಡಿಯಂ. ಕ್ಲೋರಿನ್ನೋ, 1915ರಲ್ಲಿ ಯುದ್ಧಭೂಮಿಯಲ್ಲಿ ಸೈನಿಕರ ಮೇಲೆ ಬಿಟ್ಟ ವಿಷಗಾಳಿ. ಇಂಥ ಇಬ್ಬರ ಸಂಬಂಧದಿಂದ ಹುಟ್ಟಿದ್ದನ್ನು ನಾವು ಗಂಜಿಗೆ ಹಾಕಿಕೊಂಡು ಉಣ್ಣುತ್ತೇವೆ.

“ಮತ್ತೆ ಸಹವೇಲೆನ್ಸೀಯ?”

“ಅದು ಪಾಲಿನ ಬಾವಿ. ನಮ್ಮದೂ ಹೌದು, ಪಕ್ಕದ ಮನೆಯವರದೂ ಹೌದು. ಎಲೆಕ್ಟ್ರಾನನ್ನು ಯಾರೂ ಕೊಡೋದಿಲ್ಲ, ಇಬ್ಬರೂ ಸೇದ್ತಾರೆ. ಸಕ್ಕರೆ ಹಾಗೆ. ಕಾರ್ಬನ್ 12, ಹೈಡ್ರೋಜನ್ 22, ಆಕ್ಸಿಜನ್ 11, ಎಲ್ಲ ಪಾಲಿನ ಸಂಸಾರ.” ಲೋಹದ ಬಂಧವನ್ನು ಬಂಡಿಹಬ್ಬದ ಜಾತ್ರೆಗೆ ಹೋಲಿಸಿ ಮುಗಿಸಿದೆ. ಗದ್ದಲದಲ್ಲಿ ಯಾರ ಮನೆ ಹುಡುಗ ಎಲ್ಲಿ ಓಡಾಡುತ್ತಿದ್ದಾನೆ ಅಂತ ಗೊತ್ತಾಗೋದಿಲ್ಲ ಅಲ್ವಾ, ತಾಮ್ರದೊಳಗೆ ಎಲೆಕ್ಟ್ರಾನುಗಳೂ ಹಾಗೇ. ಅದಕ್ಕೇ ಅದರಲ್ಲಿ ಕರೆಂಟು ಹರಿಯುತ್ತದೆ.

ಇಲ್ಲಿಗೆ ನಿಲ್ಲಿಸಿದ್ದರೆ ಈ ಬರಹ ಇರುತ್ತಿರಲಿಲ್ಲ.

ಒಳಗಿಂದ ಎರಡು ಸ್ಟೀಲ್ ಡಬ್ಬಿ ತಂದೆ. ಒಂದರಲ್ಲಿ ಸಕ್ಕರೆ, ಇನ್ನೊಂದರಲ್ಲಿ ಸಾಣಿಕಟ್ಟೆಯ ಉಪ್ಪನ್ನು ಆಯಿ ಕುಟ್ಟಿ ಇಟ್ಟ ಪುಡಿ. ಯಾವುದು ಯಾವುದು ಅಂತ ನೆಕ್ಕಿ ನೋಡಲು ಹೊರಟೆ. “ಲ್ಯಾಬಲ್ಲಿ ಯಾವುದನ್ನೂ ನೆಕ್ಕಬಾರ್ದು ಮಾವಾ” ಅಂದ. ಸರಿ, ಕಾಯಿಸಿ ನೋಡುವಾ ಅಂತ ಎರಡು ಚಮಚದಲ್ಲಿ ಚೂರು ಚೂರು ಹಾಕಿ ಗ್ಯಾಸಿನ ಮೇಲೆ ಹಿಡಿದೆವು. ಸಕ್ಕರೆ 186 ಡಿಗ್ರಿಯ ಸುಮಾರಿಗೇ ಕರಗಿ, ಕೆಂಪಾಗಿ, ಕಪ್ಪಾಗಿ ಚಮಚಕ್ಕೆ ಅಂಟಿತು. ಉಪ್ಪು ಕರಗಲು 801 ಡಿಗ್ರಿ ಬೇಕು. ಅದು ಕರಗಲಿಲ್ಲ, ಸಿಡಿಯಿತು. ಹರಳಿನೊಳಗೆ ಸಿಕ್ಕಿಕೊಂಡ ನೀರು ಆವಿಯಾಗಿ ಚಟಪಟ ಅಂತ ಹಾರಿ, ಒಂದು ಚೂರು ನನ್ನ ಮೂಗಿನ ಮೇಲೆ ಕೂತಿತು.

ಮುಂದಿನದು ಬಲ್ಬು. ಬಾವಿ ನೀರಲ್ಲಿ ಮೊದಲೇ ಲವಣ ಇರುತ್ತದೆ ಅಂತ ಮಾಡಿನಿಂದ ಇಳಿಯುವ ಮಳೆನೀರು ಹಿಡಿದೆ. ಅಷ್ಟು ಜಾಣತನ ಇತ್ತು ನೋಡಿ. ಹಳೇ ಟಾರ್ಚಿನ ಮೂರು ಸೆಲ್ಲು, ಒಂದು ಎಲ್‌ಇಡಿ, ವಯರು. ಚಮಚ ಎರಡೂ ಸುಟ್ಟಿದ್ದವು. ಕಲಕಲಿಕ್ಕೆ ದೇವರ ಮುಂದಿದ್ದ ತಾಮ್ರದ ಉದ್ಧರಣೆ ಎತ್ತಿಕೊಂಡ. ಉಪ್ಪು ನೀರಲ್ಲಿ ಅಯಾನುಗಳು ಬಿಡಿಬಿಡಿಯಾಗಿ ತೇಲುತ್ತವೆ, ಬಲ್ಬು ಹತ್ತಿತು. ಸಕ್ಕರೆ ಕರಗಿದರೂ ಅದರ ಅಣು ಒಡೆಯೋದಿಲ್ಲ, ಹತ್ತಬಾರದು.

ಹತ್ತಿತು.

“ಮಾವಾ, ಸಕ್ಕರೆಯೂ ಅಯಾನಿಕ!”

ನನ್ನ ಬಿಎಸ್ಸಿ ಅಲ್ಲಾಡಿತು. ಉಪ್ಪು ಕಲಕಿದ ಉದ್ಧರಣೆಯನ್ನೇ ತೊಳೆಯದೆ ಸಕ್ಕರೆ ನೀರಿಗೂ ಅದ್ದಿದ್ದಾನೆ ಅಂತ ಹೊಳೆಯಲು ಹತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅವನು ಬಲ್ಬು ತೆಗೆದು, ಸೆಲ್ಲಿನ ಧನ ತುದಿಯನ್ನು ನೇರ ಉದ್ಧರಣೆಗೆ ಸುತ್ತಿ ಉಪ್ಪು ನೀರಲ್ಲಿ ಮುಳುಗಿಸಿದ್ದ. ಇನ್ನೊಂದು ವಯರಿನಿಂದ ಗುಳ್ಳೆ ಏಳುತ್ತಿತ್ತು. “ಹೈಡ್ರೋಜನ್!” ಅಂತ ಇಬ್ಬರೂ ಕುಣಿದೆವು. ಅಷ್ಟೊತ್ತಿಗೆ ಕರೆಂಟು ಬಂತು. ಅವನು ಮೊಬೈಲಿಗೆ ಓಡಿದ, ನಾನು ಟಿವಿಗೆ.

ಸಂಜೆ ದೀಪ ಹಚ್ಚಲು ಬಂದ ಆಯಿ ಕೂಗಿದಳು. ಲೋಟದ ತುಂಬ ಹಸಿರು ಹಳದಿ ಕೆಸರು. ಉದ್ಧರಣೆಯ ತುದಿಯಲ್ಲಿದ್ದ ಹೆಡೆಯೆತ್ತಿದ ನಾಗಪ್ಪ ಕಣ್ಣು ಮೂಗು ಸವೆದು ಎರೆಹುಳದ ಹಾಗಾಗಿದ್ದ.

“ಎಂತ ಮಾಡಿದ್ರೋ ಇದಕ್ಕೆ?”

ಹುಡುಗ ಪುಸ್ತಕದ ಧಾಟಿಯಲ್ಲೇ ಹೇಳಿದ, “ತಾಮ್ರ ಎಲೆಕ್ಟ್ರಾನ್ ದಾನ ಮಾಡ್ತು ಅಜ್ಜಿ. ಮಾಡಿ ನೀರಿಗೆ ಹೋಯ್ತು.”

“ದಾನ ಮಾಡ್ಲಿಕ್ಕೆ ನಿನ್ನ ಮಾವನ ಮನೇಲಿ ದೇವರ ಸಾಮಾನೇ ಸಿಕ್ತಾ?”

ಆಮೇಲೆ ಎರಡೂ ಡಬ್ಬಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಂದು ಸರಸರ ಅಂದಿತು, ಇನ್ನೊಂದು ಸದ್ದೇ ಮಾಡಲಿಲ್ಲ. “ಇದು ಉಪ್ಪು” ಅಂದಳು. ಸಮುದ್ರದ ಉಪ್ಪಲ್ಲಿ ಮೆಗ್ನೀಸಿಯಂ ಕ್ಲೋರೈಡೂ ಸೇರಿರುತ್ತದೆ, ಮಳೆಗಾಲದ ಗಾಳಿಯ ನೀರನ್ನೆಲ್ಲ ಎಳೆದು ಮುದ್ದೆಯಾಗುತ್ತದೆ ಅಂತ ವಿವರಿಸಲು ಬಾಯಿ ತೆರೆದೆ.

“ನೀನು ಸುಮ್ನಿರು. ಹೋಗಿ ಹುಣಸೆಹಣ್ಣು ತಗೊಂಬಾ.”