ನೋವು ಸೊಂಟದ್ದಾ, ಕಾಲಿನದ್ದಾ?

ಎರಡು ವರ್ಷದ ಸೊಂಟನೋವು ನನ್ನದು. ಬೆಲ್ಟು, ಎಣ್ಣೆ, ಮಾತ್ರೆ, ಪಕ್ಕದೂರಿನ ನಾಟಿ ಔಷಧಿ, ಯಾವುದನ್ನೂ ಬಿಟ್ಟಿರಲಿಲ್ಲ. ಹಾಗಾಗಿ ಡಾಕ್ಟರು ಎಂಆರ್‌ಐ ಫಿಲ್ಮನ್ನು ಬೆಳಕಿಗೆ ಹಿಡಿದು, "ಎಲ್4-ಎಲ್5 ಡಿಸ್ಕ್, ಅಂದರೆ ಸೊಂಟದ ನಾಲ್ಕನೇ, ಐದನೇ ಮೂಳೆಗಳ ನಡುವಿನ ಮೆತ್ತೆ ಸವೆದಿದೆ, ಸ್ಕ್ರೂ ಹಾಕಿಬಿಡೋಣ" ಅಂದಾಗ ಹೂಂ ಅಂದುಬಿಟ್ಟೆ. ಆಪರೇಷನ್ ದಿನಾಂಕವೂ ನಿಗದಿಯಾಯಿತು. ಹೆಂಡತಿ ಒಪ್ಪಲಿಲ್ಲ. "ಇನ್ನೊಬ್ಬರಿಗೆ ತೋರಿಸಿ, ಆಮೇಲೆ ನೋಡೋಣ" ಅಂತ ಹಟ ಹಿಡಿದಳು.

ಎರಡನೇ ಡಾಕ್ಟರು ಫಿಲ್ಮನ್ನು ಬದಿಗಿಟ್ಟು ಮೊದಲು ಕೇಳಿದ್ದು ಒಂದೇ: "ನೋವು ಜಾಸ್ತಿ ಸೊಂಟದಲ್ಲಾ, ಕಾಲಲ್ಲಾ?"

ಸೊಂಟದಲ್ಲೇ, ಕಾಲಿಗೆ ಇಳಿಯೋದಿಲ್ಲ ಅಂದೆ. "ಹಾಗಾದರೆ ಅವಸರ ಬೇಡ" ಅಂದರು.

ನಮ್ಮಲ್ಲಿ ಎಲ್ಲದಕ್ಕೂ 'ಬೆನ್ನಿನ ಆಪರೇಷನ್' ಅಂತ ಒಂದೇ ಹೆಸರು. ಆದರೆ ಒಳಗೆ ಮಾಡುವ ಕೆಲಸ ಬೇರೆ ಬೇರೆ. ಡಿಸ್ಕಿನ ಚೂರು ಹೊರಗೆ ಜಾರಿ ನರವನ್ನು ಒತ್ತಿದರೆ ನೋವು ಪೃಷ್ಠದಿಂದ ಪಾದದವರೆಗೆ ಎಳೆಯುತ್ತದೆ. ಆ ಚೂರನ್ನಷ್ಟೇ ಸಣ್ಣ ಗಾಯದಲ್ಲಿ ತೆಗೆಯುವುದು ಮೈಕ್ರೋಡಿಸ್ಕೆಕ್ಟಮಿ. ವಯಸ್ಸಾದವರಿಗೆ ನಾಲ್ಕು ಹೆಜ್ಜೆ ನಡೆದರೆ ಕಾಲು ಭಾರವಾಗಿ, ಬಗ್ಗಿ ಕೂತರೆ ಹಗುರ ಆಗುತ್ತದಲ್ವಾ, ಅದು ನರದ ದಾರಿ ಕಿರಿದಾಗಿದ್ದಕ್ಕೆ ಇರಬಹುದು. ಅಂಥವರಿಗೆ ಮೂಳೆ ಕೆರೆದು ಜಾಗ ಮಾಡಿಕೊಡುತ್ತಾರೆ. ಇವೆರಡೂ ಮುಖ್ಯವಾಗಿ ಕಾಲುನೋವಿನ ಆಪರೇಷನ್‌ಗಳು.

ನನಗೆ ಹೇಳಿದ್ದು ಫ್ಯೂಷನ್. ಸ್ಕ್ರೂ, ರಾಡು ಹಾಕಿ ಎರಡು ಮೂಳೆಗಳನ್ನು ಒಂದಾಗಿ ಬೆಸೆಯುವುದು. ಮೂಳೆ ಮುಂದಕ್ಕೆ ಜಾರಿದ್ದರೆ, ಮುರಿದಿದ್ದರೆ, ಸೋಂಕಿನಿಂದ ಕುಸಿದಿದ್ದರೆ ಅದು ಬೇಕಾಗಬಹುದು. ಸುಮ್ನೆ 'ಸವೆದಿದೆ' ಅನ್ನೋದಕ್ಕೆ? ಯಾವ ಚಿಕಿತ್ಸೆ ಯಾರಿಗೆ ಅಂತ ಡಾಕ್ಟರುಗಳಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲೇ, ಬರೀ ಸೊಂಟನೋವಿಗೆ ಸಂಶೋಧನೆಯ ಭಾಗವಾಗಿ ಅಲ್ಲದಿದ್ದರೆ ಫ್ಯೂಷನ್ ಮಾಡಬೇಡಿ ಅಂದಿದೆ. ಕೃತಕ ಡಿಸ್ಕ್ ಹಾಕುವುದಂತೂ ಬೇಡವೇ ಬೇಡ ಅಂದಿದೆ. ಬೆಸೆದ ಜಾಗ ಬಗ್ಗೋದಿಲ್ಲ, ಹೆಚ್ಚಿನ ಭಾರ ಮೇಲಿನ, ಕೆಳಗಿನ ಡಿಸ್ಕಿಗೆ ಬೀಳುತ್ತದೆ. ಕೆಲವರಿಗೆ ವರ್ಷಗಳ ಮೇಲೆ ಅಲ್ಲೂ ತೊಂದರೆ ಶುರು.

ಇನ್ನು ಆ ಫಿಲ್ಮು. ನೋವೇ ಇಲ್ಲದ ಜನರ ಸ್ಕ್ಯಾನ್‌ಗಳನ್ನು ಒಟ್ಟು ಮಾಡಿ ನೋಡಿದ 2015ರ ಅಧ್ಯಯನವೊಂದಿದೆ. ಇಪ್ಪತ್ತರ ಹರೆಯದಲ್ಲೇ 37 ಶೇಕಡಾ ಮಂದಿಗೆ ಡಿಸ್ಕ್ ಸವೆದಿತ್ತು, ಐವತ್ತಕ್ಕೆ 80 ಶೇಕಡಾ! ತಲೆಗೂದಲು ನೆರೆತ ಹಾಗೆ ಇದೂ ಒಂದು. ನನ್ನ ರಿಪೋರ್ಟಿನಲ್ಲಿ ಅದನ್ನೇ ಓದಿ ನಾನು ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದೆ.

ಹಾಗಂತ ಆಪರೇಷನ್ನೇ ಮೋಸ ಅನ್ನುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ಒಂದಕ್ಕೆ, ಎರಡಕ್ಕೆ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಸ್ಪರ್ಶ ಗೊತ್ತಾಗದಿದ್ದರೆ, ಪಾದ ಎತ್ತಲು ಆಗದಿದ್ದರೆ ಎಣ್ಣೆ ಹಚ್ಚುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಓಡಿ. ನಮ್ಮ ಚಿಕ್ಕಮ್ಮನ ಮಗಳಿಗೆ ಡಿಸ್ಕ್ ಜಾರಿ ಶುರುವಾದ ಕಾಲುನೋವು ಮೂರು ತಿಂಗಳಾದರೂ ಬಿಡಲಿಲ್ಲ. ನಿದ್ದೆಯಿಲ್ಲ, ಸ್ಕೂಟರ್ ಹತ್ತೋಕಾಗಲ್ಲ. ಕಾದರೂ ತುಂಬ ಜನರಿಗೆ ತಾನಾಗಿ ಕಡಿಮೆಯಾಗುತ್ತದೆ ಅನ್ನೋದು ಅವಳಿಗೂ ಗೊತ್ತಿತ್ತು. 2007ರ ಡಚ್ ಅಧ್ಯಯನದಲ್ಲಿ ಬೇಗ ಆಪರೇಷನ್ ಆದವರೂ ಕಾದು ನೋಡಿದವರೂ ವರ್ಷದ ಕೊನೆಗೆ ಹೆಚ್ಚುಕಮ್ಮಿ ಒಂದೇ ಕಡೆ ಬಂದು ನಿಂತಿದ್ದರು. ಆದರೆ ಆ ವರ್ಷವನ್ನು ಕಳೆಯಬೇಕಾದವಳು ಅವಳು ತಾನೇ? ಮಾಡಿಸಿಕೊಂಡಳು. ಮೂರನೇ ದಿನ ಫೋನ್ ಮಾಡಿ, "ಅಣ್ಣಾ, ಕಾಲು ನಂದೇ ಅನ್ನಿಸ್ತಿದೆ" ಅಂದಳು.

ನಾನು ಸ್ಕ್ರೂ ಹಾಕಿಸಿಕೊಳ್ಳಲಿಲ್ಲ. ನೋವು ಪೂರ್ತಿ ಹೋಗಿಲ್ಲ. ಫಿಸಿಯೋ ಹೇಳಿಕೊಟ್ಟ ವ್ಯಾಯಾಮ, ಸಂಜೆ ನಡಿಗೆ, ಅರ್ಧ ಗಂಟೆಗೊಮ್ಮೆ ಕುರ್ಚಿ ಬಿಟ್ಟು ಏಳೋದು. ಆಫೀಸಿನಲ್ಲಿ ನನಗೆ 'ಅಲಾರಂ' ಅಂತ ಹೆಸರಿಟ್ಟಿದ್ದಾರೆ.